ಕಾಲರಾ ರೋಗವೂ ಕೃತಕ ಉಪಗ್ರಹವೂ

2020ನೆಯ ಇಸವಿಯ ಮೇ 20ರಂದು ಅಂಫಾನ್ ಚಂಡಮಾರುತವು ಬಂಗಾಳದ ಕರಾವಳಿಗೆ ಅಪ್ಪಳಿಸಿದಾಗ ಅದರ ಆಗಮನ ಯಾರಿಗೂ ಅನಿರೀಕ್ಷಿತವಾಗಿರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಅದು ರೂಪುಗೊಂಡಂದಿನಿಂದಲೇ ಉಪಗ್ರಹಗಳು ಅದರ ಚಲನೆಯನ್ನು ಗುರುತಿಸುತ್ತಿದ್ದುವು. ತಗ್ಗು ಪ್ರದೇಶಗಳ ಲಕ್ಷಾಂತರ ಜನರನ್ನು ಮೊದಲೇ ತೆರವು ಮಾಡಿಸಲಾಗಿತ್ತು. ಕೋಲ್ಕತ್ತದ ಬೀದಿಬೀದಿಯಲ್ಲಿ ಮರಗಳುರುಳಿದುವು, ದ್ವೀಪಗಳಲ್ಲಿ ಮನೆಗಳು ನೆಲಸಮವಾದುವು. ಆದರೂ ಮುನ್ಸೂಚನೆಯೇ ಇಲ್ಲದೆ ಅಂತಹ ಗಾಳಿ ಬಂದಿದ್ದರೆ ಎಷ್ಟು ಜೀವಹಾನಿಯಾಗುತ್ತಿತ್ತೆಂಬುದನ್ನು ಊಹಿಸುವುದೂ ಕಷ್ಟ. ಬಿರುಗಾಳಿಯ ಆಗಮನವನ್ನು ಹೀಗೆ ಮುಂಚಿತವಾಗಿ ಅರಿಯಬಹುದಾದರೆ, ಸಾಂಕ್ರಾಮಿಕ ರೋಗದ ಆಗಮನವನ್ನೂ ಅರಿಯಲು ಸಾಧ್ಯವೆ?

ಎಲ್ಲ ರೋಗಗಳಿಗೂ ಅನ್ವಯಿಸುವ ಒಂದೇ ಉತ್ತರ ಈ ಪ್ರಶ್ನೆಗಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಹರಡುತ್ತಿದ್ದ ಸಿಡುಬಿನಂತಹ ವ್ಯಾಧಿಯನ್ನು ಆಕಾಶದಿಂದ ಹುಡುಕಿ ಪ್ರಯೋಜನವಿರಲಿಲ್ಲ. ನೀರು, ಮಳೆ, ಬಿಸಿಲು, ಕಾಡು, ಕೀಟ ಇವುಗಳೊಡನೆ ತಮ್ಮ ಬದುಕನ್ನು ಹೆಣೆದುಕೊಂಡಿರುವ ರೋಗಾಣುಗಳ ಮಾತು ಬೇರೆ. ಆ ಗುಂಪಿನಲ್ಲಿ ಬಹು ವಿವರವಾಗಿ ಪರಿಶೀಲಿಸಲ್ಪಟ್ಟಿರುವುದು ಕಾಲರಾ. ಆ ಪರಿಶೀಲನೆ ನಡೆದ ಊರುಗಳಲ್ಲಿ ಮುಖ್ಯವಾದುದು ಕೋಲ್ಕತ್ತ. ಇಲ್ಲಿ ನೆಲೆಸಿರುವ ಕನ್ನಡಿಗರು ದಿನವೂ ಹಾದುಹೋಗುವ ಬೀದಿಗಳಲ್ಲಿಯೇ ಈ ವಿಜ್ಞಾನದ ಅನೇಕ ಅಧ್ಯಾಯಗಳು ಬರೆಯಲ್ಪಟ್ಟಿವೆ.

ಬೇಲಿಯಾಘಾಟಾದ ಕೆರೆ

ಆಯುರ್ವೇದ ಗ್ರಂಥಗಳು ವಿಷೂಚಿಕೆಯೆಂದು ವರ್ಣಿಸಿದ, ಕನ್ನಡ ನಾಡಿನ ಹಳ್ಳಿಗರು ವಾಂತಿಭೇದಿಯೆಂದು ಕರೆದ ರೋಗಕ್ಕೆ ಬಂಗಾಳದಲ್ಲಿ ಒಬ್ಬ ದೇವತೆಯೇ ಇದ್ದಾಳೆ. ಹಿಂದೂಗಳು ಆಕೆಯನ್ನು ಓಲಾ ದೇವಿಯೆಂದೂ ಮುಸಲ್ಮಾನರು ಓಲಾ ಬೀಬಿಯೆಂದೂ ಪೂಜಿಸಿದರು. ಮಾರಮ್ಮನ ಜಾತ್ರೆಗಳನ್ನು ಕಂಡ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣದು. 1817ರಲ್ಲಿ ಜೆಸ್ಸೋರಿನ ಸುತ್ತ ಭುಗಿಲೆದ್ದ ಕಾಲರಾ ಕಲ್ಕತ್ತೆಯನ್ನು ಮುಟ್ಟಿ, ಸೈನ್ಯ ಮತ್ತು ಹಡಗುಗಳ ಬೆನ್ನೇರಿ ಜಗತ್ತಿನ ನಾನಾ ಮೂಲೆಗಳಿಗೆ ಹಬ್ಬಿತು. ಅಂದಿನಿಂದ ಯೂರೋಪಿನ ವೈದ್ಯರ ದೃಷ್ಟಿ ಈ ಊರಿನ ಮೇಲೆ ನೆಟ್ಟಿತು.

ಜರ್ಮನಿಯ ರಾಬರ್ಟ್ ಕಾಖ್ ಈಜಿಪ್ಟಿನಿಂದ ಕಲ್ಕತ್ತೆಗೆ ಬಂದಿಳಿದುದು 1883ರ ಡಿಸೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲಿ ಆತ, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸುವುದರಲ್ಲಿ ಯಶಸ್ವಿಯಾದನು. ಇಟಲಿಯ ಪಾಚೀನಿ 1854ರಲ್ಲಿಯೇ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನಾದರೂ ಜಗತ್ತು ಕಿವಿಗೊಟ್ಟಿರಲಿಲ್ಲ. ಅದಾದಮೇಲೆ ಕಾಖ್ ಮಾಡಿದ ಇನ್ನೊಂದು ಕಾರ್ಯ ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಬೇಲಿಯಾಘಾಟಾ ಕಡೆಯ ಒಂದು ಕೆರೆಯ ದಡದಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಅಲ್ಲಿನ ಜನ ಆ ಕೆರೆಯಲ್ಲಿಯೇ ಮೀಯುತ್ತಿದ್ದರು, ರೋಗಿಗಳ ಬಟ್ಟೆಯನ್ನು ಒಗೆಯುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಕಾಖ್ ಆ ನೀರಿನಲ್ಲಿ ರೋಗಾಣುವನ್ನು ಕಂಡನು. ರೋಗ ಇಳಿಮುಖವಾದಂತೆ ನೀರಿನಲ್ಲಿ ರೋಗಾಣುಗಳೂ ವಿರಳವಾದುದನ್ನು ಗಮನಿಸಿದನು. ಪರಿಸರದ ನೀರನ್ನು ಪರೀಕ್ಷಿಸಿ ರೋಗದ ಏರಿಳಿತವನ್ನು ಓದುವ ಪದ್ಧತಿ ಅಲ್ಲಿ ಮೊದಲಾಯಿತೆಂದರೆ ತಪ್ಪಾಗದು. 1884ರಲ್ಲಿಯೇ ಬರ್ಲಿನ್ನಿನ ವೈದ್ಯರ ಮುಂದೆ ಆತ, ಈ ರೋಗಾಣುವಿನ ಮೂಲ ನೆಲೆ ಗಂಗೆಯ ಮುಖಜಭೂಮಿಯ ಸುಂದರಬನದ ಉಪ್ಪುಮಿಶ್ರಿತ ಜೌಗಿನಲ್ಲಿರಬಹುದೆಂದು ಊಹಿಸಿದನು. ಆ ಊಹೆಯನ್ನು ಬಹುಕಾಲ ಯಾರೂ ಬೆಳೆಸಲಿಲ್ಲ.

ಅದೇ ಬೇಲಿಯಾಘಾಟಾದಲ್ಲಿ ಇಂದು ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೂ, 1962ರಲ್ಲಿ ಕಾಲರಾ ಸಂಶೋಧನ ಕೇಂದ್ರವೆಂಬ ಹೆಸರಿನಿಂದ ಆರಂಭವಾಗಿ 1979ರಲ್ಲಿ ಕಾಲರಾ ಮತ್ತು ಆಂತ್ರರೋಗಗಳ ರಾಷ್ಟ್ರೀಯ ಸಂಸ್ಥೆಯಾದ ಸಂಶೋಧನಾಲಯವೂ ಇವೆ. (ಕಲ್ಕತ್ತೆಯಲ್ಲಿ 1898ರಲ್ಲಿ ಹಕ್ಕಿಗಳ ಮಲೇರಿಯಾದ ಚಕ್ರವನ್ನು ಪೂರ್ಣವಾಗಿ ಬಿಡಿಸಿ ತೋರಿಸಿದ ರೊನಾಲ್ಡ್ ರಾಸ್, ಅದಕ್ಕೆ ಮೂರು ವರ್ಷ ಮೊದಲು ಕಾಲರಾ ತಡೆಯುವ ಕೆಲಸಕ್ಕೆಂದು ಬೆಂಗಳೂರಿಗೆ ಕಳುಹಿಸಲ್ಪಟ್ಟಿದ್ದನು. ಎರಡು ಊರುಗಳ ಆರೋಗ್ಯ ಚರಿತ್ರೆ ಹೀಗೆ ಅಲ್ಲಲ್ಲಿ ಕೈಕೈ ಹಿಡಿದಿದೆ.)

ರೋಗದ ಚಿಕಿತ್ಸೆಯ ಹಾದಿಯನ್ನೂ ಬಂಗಾಳವೇ ತೋರಿಸಿತು. ಕಾಲರಾ ರೋಗಾಣುವು ಒಂದು ವಿಷವಸ್ತುವನ್ನು ಸ್ರವಿಸಿ ಕರುಳಿನಿಂದ ನೀರನ್ನು ಹೊರಚೆಲ್ಲಿಸುವುದೆಂಬುದನ್ನು 1959ರಲ್ಲಿ ಖಚಿತಪಡಿಸಿದವರು ಕಲ್ಕತ್ತೆಯ ಶಂಭುನಾಥ ಡೇ. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿದರು. ಶೇಕಡ 30ರ ಸಮೀಪದಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಜೀವಂತವಿದ್ದಾಗಲೇ ಸಲ್ಲಬೇಕಾಗಿದ್ದ ಗೌರವವದು.

ರೋಗಾಣು ಎಲ್ಲಿ ಅಡಗುತ್ತದೆ?

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಒಂದು ಋತುವಿನಲ್ಲಿ ಊರನ್ನು ಕಾಡಿದ ಕಾಲರಾ ಮತ್ತೊಂದು ಋತುವಿನಲ್ಲಿ ಮಾಯವಾಗುತ್ತದೆ. ಕೆರೆ ಹೊಳೆಗಳ ನೀರನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಿದರೆ ರೋಗಾಣು ದೊರೆಯುವುದಿಲ್ಲ. ಮುಂದಿನ ವರ್ಷ ಸರಿಸುಮಾರು ಅದೇ ಕಾಲಕ್ಕೆ ಮತ್ತೆ ಪ್ರತ್ಯಕ್ಷವಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ? ರೋಗಿಗಳ ದೇಹದಲ್ಲಿಯೇ ಹೊರತು ಅನ್ಯತ್ರ ಅದು ಬಾಳಲಾರದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದುವು.

ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ, ಕಾಲರಾ ರೋಗದ ಸುಳಿವೇ ಇಲ್ಲದ ಚೆಸಪೀಕ್ ಕೊಲ್ಲಿಯ ನೀರಿನಲ್ಲಿ ಈ ರೋಗಾಣುವನ್ನು ಕಂಡರು. ಮುಂದೆ ಬಂಗಾಳದ ನೀರಿನಲ್ಲೂ ಪರಿಶೀಲನೆ ನಡೆದು ತಿಳಿದುಬಂದುದೇನೆಂದರೆ, ಈ ರೋಗಾಣು ನೀರಿಗೆ ಅತಿಥಿಯಲ್ಲ, ಅಲ್ಲಿಯ ಖಾಯಂ ನಿವಾಸಿ. ಸಿಹಿನೀರೂ ಉಪ್ಪುನೀರೂ ಸೇರುವ ಅಳಿವೆಗಳು ಅದಕ್ಕೆ ಬಲು ಪ್ರಿಯ. ಕಾಲ ಪ್ರತಿಕೂಲವಾದಾಗ ಅದು ಒಂದು ಬಗೆಯ ನಿದ್ರೆಗೆ ಜಾರುತ್ತದೆ. ಜೀವವಿರುತ್ತದೆ, ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಹಿಂದಿನವರಿಗೆ ಅದು ಸಿಕ್ಕದೆ ಹೋದುದಕ್ಕೆ ಕಾರಣವಿದು.

ಅದರ ಸಂಸಾರದ ಬಗೆ ಹೀಗಿದೆ. ನೀರು ಬೆಚ್ಚಗಾಗಿ, ಹೊಳೆಗಳು ಹೊತ್ತುತಂದ ಸಾರವು ಅದರಲ್ಲಿ ಸೇರಿದಾಗ, ಸಸ್ಯ ಪ್ಲವಕಗಳೆಂಬ ಕಣ್ಣಿಗೆ ಕಾಣದ ಹಸಿರು ಜೀವಿಗಳು ವಿಪುಲವಾಗಿ ಹೆಚ್ಚುತ್ತವೆ. ಅವನ್ನು ಮೇಯಲು ಪ್ರಾಣಿ ಪ್ಲವಕಗಳು ಹೆಚ್ಚುತ್ತವೆ. ಇವುಗಳಲ್ಲಿ ಕೋಪಿಪಾಡ್ ಎಂಬುದು ಎಳ್ಳಿನ ಕಾಳಿಗಿಂತ ಚಿಕ್ಕದಾದ, ಸಿಗಡಿಯ ದೂರದ ನೆಂಟನಾದ ಜೀವಿ. ಕಾಲರಾ ರೋಗಾಣುಗಳು ಅದರ ಚಿಪ್ಪಿಗೂ ಮೊಟ್ಟೆಚೀಲಕ್ಕೂ ಅಂಟಿಕೊಂಡು ಬೆಳೆಯುತ್ತವೆ. ಒಂದೇ ಕೋಪಿಪಾಡಿನ ಮೇಲೆ ಸಾವಿರಾರು ಇರಬಲ್ಲವು. ಶುದ್ಧೀಕರಿಸದ ನೀರನ್ನು ಕುಡಿಯುವವನು ಇಂತಹ ಕೆಲವು ಜೀವಿಗಳನ್ನು ನುಂಗಿದರೆ ರೋಗಕ್ಕೆ ಅಷ್ಟೇ ಸಾಕು. ಅಲ್ಲಿಂದ ಮುಂದೆ ರೋಗಿಯ ಮಲದ ಮೂಲಕ ಮನುಷ್ಯರಿಂದ ಮನುಷ್ಯರಿಗೆ ಹರಡುವ ಹಳೆಯ ಕಥೆ ಆರಂಭ.

ರೋಗಾಣು ಇಷ್ಟು ದೊಡ್ಡ ಜೀವಿಗೆ ಅಂಟಿಕೊಂಡಿದ್ದರೆ ಅದನ್ನು ಬಟ್ಟೆಯಲ್ಲಿಯೇ ಸೋಸಬಹುದಲ್ಲವೆ ಎಂಬ ಯೋಚನೆ ಸಹಜವಾಗಿ ಹುಟ್ಟಿತು. ಬಾಂಗ್ಲಾದೇಶದ ಮತ್ಲಾಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರವಾಗಿ ಮಡಚಿ ಬಿಂದಿಗೆಯ ಬಾಯಿಗೆ ಹಿಡಿದು ನೀರು ತುಂಬುವ ಅಭ್ಯಾಸವನ್ನು ಕಲಿಸಲಾಯಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ ಶೇಕಡ 48ರಷ್ಟು ತಗ್ಗಿತು. ಹೊಸ ಬಟ್ಟೆಗಿಂತ ಒಗೆದೊಗೆದು ನವೆದ ಬಟ್ಟೆಯೇ ಮೇಲು. ನೂಲು ಉಬ್ಬಿ ರಂಧ್ರಗಳು ಕಿರಿದಾಗುತ್ತವೆ. ನೀರನ್ನು ಸೋಸಿ ಕುಡಿಯುವುದು ಕನ್ನಡ ನಾಡಿನ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಾಡುತ್ತಿದ್ದ ನಾರುಹುಣ್ಣು ಹರಡುತ್ತಿದ್ದುದೂ ಇದೇ ಬಳಗದ ಒಂದು ನೀರುಜೀವಿಯಿಂದ. ಬಟ್ಟೆಯ ಸೋಸುವಿಕೆ ಮತ್ತು ಮೆಟ್ಟಿಲು ಬಾವಿಗಳ ಸುಧಾರಣೆಗಳಿಂದಲೇ ಬಹುಮಟ್ಟಿಗೆ ಅದು ನಿರ್ಮೂಲವಾಗಿ, 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿಸಲ್ಪಟ್ಟಿತು.

ಆಕಾಶದಿಂದ ಕಾಣುವ ಹಸಿರು

ರೋಗಾಣುವನ್ನು ಯಾವ ಉಪಗ್ರಹವೂ ಕಾಣಲಾರದು. ಕಾಣುವುದು ಅದರ ಆಹಾರ ಸರಪಳಿಯ ಮೊದಲ ಕೊಂಡಿ, ಎಂದರೆ ಸಸ್ಯ ಪ್ಲವಕಗಳ ಹಸಿರು. ಎಲೆಗಳಲ್ಲಿರುವ ಪತ್ರಹರಿತ್ತೇ ಅವುಗಳಲ್ಲೂ ಇದೆ. ಅದು ಸೂರ್ಯಪ್ರಕಾಶದ ನೀಲಿ ಮತ್ತು ಕೆಂಪು ಕಿರಣಗಳನ್ನು ಹೀರಿಕೊಂಡು ಹಸಿರನ್ನು ಹಿಂದಕ್ಕೆ ಬಿಡುತ್ತದೆ. ಪ್ಲವಕಗಳಿಲ್ಲದ ಸಮುದ್ರ ಮೇಲಿನಿಂದ ಕಡುನೀಲಿ. ಅವು ತುಂಬಿದ ಸಮುದ್ರ ಹಸಿರು. ಬೇರೆಬೇರೆ ಬಣ್ಣದ ಪಟ್ಟಿಗಳಲ್ಲಿ ಹಿಂದಿರುಗಿದ ಬೆಳಕನ್ನು ಅಳೆದರೆ ನೀರಿನಲ್ಲಿ ಪತ್ರಹರಿತ್ತು ಎಷ್ಟಿದೆಯೆಂದು ಲೆಕ್ಕ ಹಾಕಬಹುದು. ನೀರಿನ ಮೇಲ್ಮೈಯ ಉಷ್ಣತೆಯನ್ನು ಅವಕೆಂಪು ಕಿರಣಗಳೂ, ಸಮುದ್ರಮಟ್ಟದ ಏರಿಳಿತವನ್ನು ರೇಡಾರ್ ಅಲೆಗಳೂ ತಿಳಿಸುತ್ತವೆ.

ಸಮುದ್ರದ ಬಣ್ಣವನ್ನು ಅಳೆಯುವ ಮೊದಲ ಉಪಕರಣ 1978ರಲ್ಲಿ ಅಮೆರಿಕದ ನಿಂಬಸ್-7 ಉಪಗ್ರಹದಲ್ಲಿ ಮೇಲೇರಿತು. ಭಾರತವೂ ಹಿಂದುಳಿಯಲಿಲ್ಲ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ನಿರ್ಮಾಣಗೊಂಡ ಆರ್ಯಭಟ 1975ರಲ್ಲಿ ಕಕ್ಷೆ ಸೇರಿದುದು ಕನ್ನಡಿಗರೆಲ್ಲರಿಗೂ ನೆನಪಿರುವ ಸಂಗತಿ. ಅದೇ ಪರಂಪರೆಯ ಓಷನ್‌ಸ್ಯಾಟ್-1 ಉಪಗ್ರಹ 1999ರ ಮೇ 26ರಂದು ಶ್ರೀಹರಿಕೋಟೆಯಿಂದ ಹಾರಿ, ಸುಮಾರು 720 ಕಿಲೋಮೀಟರ್ ಎತ್ತರದಿಂದ ಎಂಟು ಬಣ್ಣದ ಪಟ್ಟಿಗಳಲ್ಲಿ ಕಡಲನ್ನು ನೋಡಿತು. 2009ರಲ್ಲಿ ಎರಡನೆಯದೂ 2022ರ ನವೆಂಬರಿನಲ್ಲಿ ಮೂರನೆಯದೂ ಅದನ್ನು ಹಿಂಬಾಲಿಸಿದುವು. ಮೀನುಗಾರರಿಗೆ ಮೀನು ಎಲ್ಲಿ ಹೆಚ್ಚೆಂದು ತಿಳಿಸುವುದಕ್ಕೂ ಈ ಬಣ್ಣದ ಮಾಪನವೇ ಆಧಾರ, ಪ್ಲವಕವಿದ್ದಲ್ಲಿ ಮೀನು.

ಬಂಗಾಳ ಕೊಲ್ಲಿಯ ನೀರಿನ ಉಷ್ಣತೆ ಮತ್ತು ಮಟ್ಟದೊಡನೆ ಬಾಂಗ್ಲಾದೇಶದ ಕಾಲರಾ ಏರಿಳಿಯುವುದನ್ನು ತೋರಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. 2008ರಲ್ಲಿ ಬಂದ ಇನ್ನೊಂದು ಅಧ್ಯಯನ ಕೋಲ್ಕತ್ತಕ್ಕೇ ಸಂಬಂಧಿಸಿದುದು. ಅದರಲ್ಲಿ 1998ರಿಂದ 2006ರವರೆಗೆ ಕೋಲ್ಕತ್ತ ಮತ್ತು ಮತ್ಲಾಬ್‌ಗಳಲ್ಲಿ ದಾಖಲಾದ ಕಾಲರಾ ರೋಗಿಗಳ ಲೆಕ್ಕವನ್ನು ಉಪಗ್ರಹಗಳ ಮಾಹಿತಿಯೊಡನೆ ಹೋಲಿಸಲಾಯಿತು. ಕೋಲ್ಕತ್ತದಲ್ಲಿ ರೋಗದ ಏರಿಳಿತಕ್ಕೂ, ಕಡಲಿನ ಪತ್ರಹರಿತ್ತು ಹಾಗೂ ಮಳೆ ತಮ್ಮ ವಾಡಿಕೆಯ ಮಟ್ಟದಿಂದ ಹೆಚ್ಚುಕಡಮೆಯಾದುದಕ್ಕೂ ನಂಬಲರ್ಹವಾದ ಸಂಬಂಧ ಕಂಡಿತು. ಮತ್ಲಾಬ್‌ನಲ್ಲಿ ಪತ್ರಹರಿತ್ತಿನ ಬದಲಾವಣೆಗೂ ರೋಗಕ್ಕೂ ನಡುವೆ ಒಂದು ತಿಂಗಳ ಅಂತರವಿತ್ತು. ಈ ಒಂದು ತಿಂಗಳೇ ಇಡೀ ವಿದ್ಯೆಯ ಸಾರ. ಕಡಲು ಹಸಿರಾದುದನ್ನು ಇಂದು ಕಂಡರೆ ಸಿದ್ಧತೆಗೆ ನಾಲ್ಕು ವಾರ ದೊರೆಯುತ್ತವೆ.

ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಕೋಲ್ಕತ್ತಕ್ಕೆ ಕಡಲಿನ ಬಣ್ಣದಿಂದ ಏನಾಗಬೇಕೆಂದು ವಾಚಕರು ಕೇಳಬಹುದು. ಹೂಗ್ಲಿಯ ಘಾಟುಗಳಲ್ಲಿ ನಿಂತವರಿಗೆ ಉತ್ತರದ ಒಂದು ಭಾಗ ಗೊತ್ತೇ ಇದೆ. ಭರತದ ನೀರು ಕೋಲ್ಕತ್ತವನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಕೆಲವು ದಿನಗಳಲ್ಲಿ ‘ಬಾನ್’ ಎಂಬ ಎದುರಲೆ ದೋಣಿಗಳನ್ನು ಬುಡಮೇಲು ಮಾಡುವಷ್ಟು ಬಿರುಸಿನಿಂದ ಏರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕ್ಷೀಣಿಸಿದಾಗ ಮುಖಜಭೂಮಿಯ ಕಾಲುವೆಗಳೊಳಕ್ಕೆ ಉಪ್ಪುನೀರು ಇನ್ನೂ ಮುಂದೆ ನುಗ್ಗುತ್ತದೆ. ಆದರೆ ಕಡಲ ನೀರೇ ನೇರವಾಗಿ ನಲ್ಲಿಗೆ ಬಂದು ರೋಗ ತರುವುದೆಂದು ಭಾವಿಸಬಾರದು. ಕಡಲನ್ನು ಹಸಿರಾಗಿಸುವ ಹವಾಮಾನವೇ ಒಳನಾಡಿನ ಪುಕುರ್‌ಗಳನ್ನೂ ಬೆಚ್ಚಗಾಗಿಸುತ್ತದೆ. ಆದುದರಿಂದ ಕಡಲಿನ ಬಣ್ಣವನ್ನು ಕಾರಣವೆನ್ನುವುದಕ್ಕಿಂತ ಒಂದು ಕುರುಹು ಎನ್ನುವುದು ಹೆಚ್ಚು ಸರಿ. ಮಳೆಯ ಪಾತ್ರವಂತೂ ನಗರವಾಸಿಗಳಿಗೆ ಪ್ರತ್ಯಕ್ಷ. ಬೀದಿಯಲ್ಲಿ ಮೊಳಕಾಲುದ್ದ ನೀರು ನಿಂತು ಚರಂಡಿಯೂ ಕೊಳಾಯಿಯೂ ಒಂದಾಗುತ್ತವೆ. ನೀರು ಬಿಡುವ ಹೊತ್ತಿನಲ್ಲಿ ಮಾತ್ರ ಕೊಳವೆಗಳಲ್ಲಿ ಒತ್ತಡವಿರುತ್ತದೆ. ಉಳಿದ ಹೊತ್ತು ಬರಿದಾದ ಕೊಳವೆ ತನ್ನ ಬಿರುಕುಗಳ ಮೂಲಕ ಸುತ್ತಲಿನ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ.

ಈ ವಿದ್ಯೆಗೆ ಮಿತಿಗಳೂ ಉಂಟು. ಮಳೆಗಾಲದಲ್ಲಿ, ಎಂದರೆ ಬಹಳ ಬೇಕಾದ ಹೊತ್ತಿನಲ್ಲಿಯೇ, ಮೋಡ ಕವಿದು ಕಡಲಿನ ಬಣ್ಣ ಕಾಣದೆ ಹೋಗುತ್ತದೆ. ಹೊಳೆಯ ಮುಖದ ಕೆಸರುನೀರು ಲೆಕ್ಕವನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೆಲದ ಮೇಲೆ ರೋಗಿಗಳನ್ನು ವರ್ಷವರ್ಷವೂ ಎಣಿಸಿ ಬರೆದಿಡದಿದ್ದರೆ ಆಕಾಶದ ಮಾಹಿತಿಯನ್ನು ಹೋಲಿಸುವುದು ಯಾವುದರೊಡನೆ? ಬೇಲಿಯಾಘಾಟಾದ ಆಸ್ಪತ್ರೆಗೆ ಬರುವ ಭೇದಿಯ ರೋಗಿಗಳಲ್ಲಿ ಆಯ್ದವರ ಮಲವನ್ನು ಕ್ರಮವಾಗಿ ಪರೀಕ್ಷಿಸಿ ದಾಖಲಿಸುವ ನೀರಸವಾದ ಕೆಲಸ ನಡೆದಿರದಿದ್ದರೆ ಈ ನಗರದ ಅಧ್ಯಯನವೇ ಹುಟ್ಟುತ್ತಿರಲಿಲ್ಲ. ಉಪಗ್ರಹಕ್ಕೆ ಸಲ್ಲುವ ಕೀರ್ತಿಯಲ್ಲಿ ಪಾಲು ಆ ಲೆಕ್ಕದ ಪುಸ್ತಕಗಳಿಗೂ ಸಲ್ಲಬೇಕು.

ಪರಿಸರವನ್ನು ಓದಿ ರೋಗವನ್ನರಿಯುವ ಇನ್ನೊಂದು ನಿದರ್ಶನ ಮಲೆನಾಡಿನಲ್ಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತುಬಿದ್ದುವು. ಜೊತೆಜೊತೆಗೇ ಜನರಿಗೆ ಜ್ವರ ಬಂದಿತು. ಉಣ್ಣೆಗಳಿಂದ ಹರಡುವ ಆ ಮಂಗನ ಕಾಯಿಲೆಗೆ ಇಂದಿಗೂ ಮೊದಲ ಎಚ್ಚರಿಕೆಯ ಗಂಟೆಯೆಂದರೆ ಕಾಡಿನಲ್ಲಿ ಸತ್ತ ಮಂಗ. ಅದನ್ನು ಕಂಡ ಹಳ್ಳಿಗನು ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಸುತ್ತಲಿನವರಿಗೆ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ತೈಲವನ್ನು ಹಂಚಬಹುದು. ಉಪಗ್ರಹ ಚಿತ್ರಗಳ ನೆರವಿನಿಂದ ನಡೆದ ಇತ್ತೀಚಿನ ಅಧ್ಯಯನಗಳು, ಕಾಡು ತೋಟ ಗದ್ದೆಗಳು ಬೆರೆತುಹೋದ ನೆಲದಲ್ಲಿ ಈ ರೋಗದ ಅಪಾಯ ಹೆಚ್ಚೆಂದು ತೋರಿಸಿವೆ.

ಮುನ್ಸೂಚನೆ ಬಂದಮೇಲೆ

ಯೆಮನ್ ದೇಶದಲ್ಲಿ 2017ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಕಾಲರಾ ತಗುಲಿದ ಶಂಕೆಯಿತ್ತು. 2018ರಲ್ಲಿ ರೀಟಾ ಕಾಲ್ವೆಲ್ ಮುಂತಾದವರ ಗಣನೆಯನ್ನು ಬ್ರಿಟನ್ನಿನ ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯೊಡನೆ ಜೋಡಿಸಿ, ಯಾವ ಜಿಲ್ಲೆಯಲ್ಲಿ ರೋಗ ಏಳಬಹುದೆಂದು ನಾಲ್ಕು ವಾರ ಮೊದಲೇ ಯುನಿಸೆಫ್ ಕಾರ್ಯಕರ್ತರಿಗೆ ತಿಳಿಸಲಾಗುತ್ತಿತ್ತು. ಅವರು ಆ ಊರುಗಳಿಗೆ ಕ್ಲೋರಿನ್, ಸಾಬೂನು, ಔಷಧಗಳನ್ನು ಮೊದಲು ಒಯ್ದರು. ಆ ವರ್ಷ ರೋಗ ಬಹಳವಾಗಿ ಇಳಿಯಿತು. ಅದರಲ್ಲಿ ಮುನ್ಸೂಚನೆಯ ಪಾಲೆಷ್ಟು, ಇತರ ಕ್ರಮಗಳ ಪಾಲೆಷ್ಟೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಲಸಿಕೆಯೂ ಇಂತಹ ಸಿದ್ಧತೆಯ ಒಂದು ಅಂಗ. 1894ರಲ್ಲಿ ಹಾಫ್ಕಿನ್ ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆಯನ್ನು ಚುಚ್ಚಿ ಪರೀಕ್ಷಿಸಿದನು. (ಬಸ್ತಿಯೆಂದರೆ ಕನ್ನಡಿಗರ ಮನಸ್ಸಿಗೆ ಜಿನಾಲಯ ಬರುತ್ತದೆ, ಇಲ್ಲಿ ಅದು ಬಡವರ ಒತ್ತೊತ್ತಾದ ಗುಡಿಸಲುಗಳ ಕೇರಿ.) 2006ರಲ್ಲಿ ಅದೇ ನಗರದ ಬಸ್ತಿಗಳಲ್ಲಿ ಬಾಯಿಯ ಮೂಲಕ ಕೊಡುವ ಹೊಸ ಲಸಿಕೆಯ ಪರೀಕ್ಷೆ ಆರಂಭವಾಗಿ, ಐದು ವರ್ಷಗಳಲ್ಲಿ ಸುಮಾರು ಶೇಕಡ 65ರಷ್ಟು ರಕ್ಷಣೆ ದೊರೆಯುವುದೆಂದು ಗೊತ್ತಾಯಿತು. ಎಲ್ಲರಿಗೂ ಎಲ್ಲ ಕಾಲಕ್ಕೂ ಸಾಕಾಗುವಷ್ಟು ಲಸಿಕೆ ಜಗತ್ತಿನಲ್ಲಿಲ್ಲ. ಎಲ್ಲಿ, ಯಾವಾಗ ಕೊಡಬೇಕೆಂದು ಮುಂಚಿತವಾಗಿ ತಿಳಿಯುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಗೃಹಸ್ಥರು ಮಾಡಬೇಕಾದುದು ಕಠಿಣವೇನಲ್ಲ. ಬೇಸಿಗೆಯ ಬಿಸಿಲೇರಿದಂದಿನಿಂದ ಮಳೆಗಾಲ ಮುಗಿಯುವವರೆಗೆ ಕುಡಿಯುವ ನೀರನ್ನು ಮಳ್ಳಿಸಿ ಕುದಿಸಿ, ಕೈ ಅದ್ದಲಾಗದ ಕಿರಿಬಾಯಿಯ ಪಾತ್ರೆಯಲ್ಲಿಡಬೇಕು. ಬಟ್ಟೆಯಲ್ಲಿ ಸೋಸುವುದು ಕುದಿಸಲಾಗದವರಿಗೆ ಆಸರೆಯೇ ಹೊರತು ಕುದಿಸುವುದಕ್ಕೆ ಬದಲಲ್ಲ. ಮನುಷ್ಯರ ಮಲದಿಂದ ಸೇರಿದ ಬಿಡಿ ರೋಗಾಣುಗಳನ್ನು ಅದು ತಡೆಯಲಾರದು. ನೀರು ನಿಂತ ಬೀದಿಯ ಮನೆಗಳವರು ನೆಲಮಾಳಿಗೆಯ ತೊಟ್ಟಿಯನ್ನು ಬರಿದುಮಾಡಿ ಕ್ಲೋರಿನ್ ಹಾಕಿಸದೆ ಬಳಸಬಾರದು. ಪುಚ್ಕಾದ ಹುಣಿಸೆ ನೀರಿನ ಆಕರ್ಷಣೆಯನ್ನು ಆ ತಿಂಗಳುಗಳಲ್ಲಾದರೂ ಮಕ್ಕಳು ಗೆಲ್ಲುವಂತೆ ನೋಡಿಕೊಳ್ಳಬೇಕು. ದೊಡ್ಡವರು ಗೆಲ್ಲುವುದು ಇನ್ನೂ ಕಷ್ಟ.

ಹೊಟ್ಟೆನೋವಾಗಲಿ ಜ್ವರವಾಗಲಿ ಹೆಚ್ಚಿಲ್ಲದೆ, ಅಕ್ಕಚ್ಚಿನಂತಹ ಭೇದಿ ಮೇಲಿಂದಮೇಲೆ ಆಗತೊಡಗಿದರೆ ಕಾಲರಾ ಎಂದೇ ಶಂಕಿಸಬೇಕು. ತೀವ್ರವಾದ ರೋಗದಲ್ಲಿ ದೇಹವು ತಾಸಿಗೆ ಒಂದು ಲೀಟರಿನವರೆಗೆ ನೀರನ್ನು ಕಳೆದುಕೊಳ್ಳಬಹುದು. ಮರುದಿನದವರೆಗೆ ಕಾಯುವ ವ್ಯಾಧಿಯಲ್ಲ. ಔಷಧದ ಅಂಗಡಿಯ ಓ.ಆರ್.ಎಸ್. ಪೊಟ್ಟಣ ಮನೆಯಲ್ಲಿ ಸದಾ ಇರುವುದು ಒಳ್ಳೆಯದು. ಇಲ್ಲದಿದ್ದಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ವಾಂತಿಯಾದರೂ ಬಿಡದೆ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು. ಎದೆಹಾಲು ಕುಡಿಯುವ ಕೂಸಿಗೆ ಹಾಲನ್ನು ನಿಲ್ಲಿಸಬಾರದು. ರೋಗಿಯ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿಯಲು ಶಕ್ತಿಯಿಲ್ಲದಿದ್ದರೆ ರಾತ್ರಿಯೆಂದು ಹಿಂಜರಿಯದೆ ಆಸ್ಪತ್ರೆಗೆ ಒಯ್ಯಬೇಕು; ದಾರಿಯುದ್ದಕ್ಕೂ ಆ ನೀರನ್ನು ಕುಡಿಸುತ್ತಲೇ ಹೋಗಬೇಕು.